ಮೊದಲು ಆನೆ ಬರೆದಳು, ಆಮೇಲೆ ‘ಆನೆ’ ಅಂತ ಬರೆದಳು

ದಾವಣಗೆರೆಯಲ್ಲಿ ಚಿಕ್ಕ ಮಕ್ಕಳಿಗೆ ಬರೆಯೋಕೆ ಕಲಿಸುವ ಒಳ್ಳೆ ಕ್ಲಾಸ್ ಇದೆಯಾ ಅಂತ ನಮ್ಮ ಬೀದಿಯಲ್ಲೇ ನಾಲ್ಕು ಜನ ಕೇಳಿದ್ದಾರೆ. ಗೇಟಿನ ಹತ್ತಿರ ನಿಂತು ಹೇಳಿದರೆ ಅರ್ಧವೇ ಹೇಳಿದ ಹಾಗಾಗುತ್ತೆ, ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ನನ್ನ ಮಗಳು ಜೂನ್‌ನಿಂದ ಆಗಸ್ಟ್‌ವರೆಗೆ ಮೂರು ತಿಂಗಳು ಹೋದಳು. ವಿದ್ಯಾನಗರದ ಒಳರಸ್ತೆಯ ಒಂದು ಮನೆಯ ಮಹಡಿ ಮೇಲೆ, ಶನಿವಾರ ಮತ್ತು ಭಾನುವಾರ ಬೆಳಿಗ್ಗೆ 10ರಿಂದ 11.30. ತಿಂಗಳಿಗೆ 900 ರೂಪಾಯಿ. ಬೋರ್ಡಿಲ್ಲ, ಹೆಸರಿಲ್ಲ, ಬಾಯಿಂದ ಬಾಯಿಗೆ ಗೊತ್ತಾಗಿ ಬಂದವರೇ ಎಲ್ಲ. ನಡೆಸುವವರು ಸರ್ಕಾರಿ ಶಾಲೆಯಿಂದ ನಿವೃತ್ತರಾದ ಟೀಚರ್. ಜೊತೆಗೆ ಒಬ್ಬ ಹುಡುಗ ಇದ್ದಾನೆ, ನಮ್ಮೂರಿನ ದೃಶ್ಯಕಲಾ ಕಾಲೇಜಿನಲ್ಲಿ ಓದುತ್ತಿದ್ದಾನೆ. 1964ರಿಂದ ಇರುವ ಕಾಲೇಜು ಅದು, ಊರಲ್ಲೇ ಇದ್ದೂ ನಾನು ಒಂದು ದಿನವೂ ಒಳಗೆ ಹೋಗಿ ನೋಡಿರಲಿಲ್ಲ.

ಮೊದಲು ನಾವು ಯಾಕೆ ಹೋದೆವು ಅಂತ ಹೇಳಬೇಕು. ಕಳೆದ ವರ್ಷ ಮಗಳು ಬೇರೆ ಒಂದು ಕಡೆ ಎಲ್‌ಕೆಜಿಯಲ್ಲಿದ್ದಳು. ಹೆಸರು ಬೇಡ. ಅಲ್ಲಿ ದಿನಾ ಚುಕ್ಕೆಯಲ್ಲಿ ಅಚ್ಚು ಹಾಕಿದ ‘ಅ’ ಒಂದು ಪುಟ, ಇಂಗ್ಲಿಷ್ ಅಕ್ಷರ ಒಂದು ಪುಟ, ಅಂಕಿ ಒಂದು ಪುಟ ತಿದ್ದಬೇಕಿತ್ತು. ಆಗ ಅವಳಿಗೆ ಬರೀ ನಾಲ್ಕು ವರ್ಷ. ಸಂಜೆ ಬ್ಯಾಗು ತೆಗೆದರೆ ಅಳು. ಒಂದು ದಿನ ನೋಟ್‌ಬುಕ್ ಎಲ್ಲೂ ಸಿಗಲಿಲ್ಲ, ಆಮೇಲೆ ನೋಡಿದರೆ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದಳು. ಹೆಬ್ಬೆರಳು ಕೆಂಪಾಗಿತ್ತು, ಅಷ್ಟು ಗಟ್ಟಿಯಾಗಿ ಪೆನ್ಸಿಲ್ ಒತ್ತಿ ಹಿಡಿಯುತ್ತಿದ್ದಳು. ನಾನೂ ಕೂರಿಸಿಕೊಂಡು ಕೈ ಹಿಡಿದು ತಿದ್ದಿಸಿದ್ದೇನೆ, ಬೈದೂ ಇದ್ದೇನೆ. ಈಗ ನೆನೆಸಿಕೊಂಡರೆ ಬೇಜಾರಾಗುತ್ತೆ. ನೂರು ಸಲ ‘ಅ’ ಬರೆದ ಮಗುವಿಗೆ ಆ ‘ಅ’ ಯಾಕೆ ಬೇಕು ಅಂತ ನಾವ್ಯಾರೂ ಹೇಳಿರಲೇ ಇಲ್ಲ.

ಇಲ್ಲಿ ಮೊದಲ ದಿನ ಅಕ್ಷರದ ಮಾತೇ ಇಲ್ಲ. ಗೋಡೆಗೆ ಉದ್ದಕ್ಕೆ ಕಂದು ಬಣ್ಣದ ಕಾಗದ ಅಂಟಿಸಿದ್ದರು. ಮಕ್ಕಳು ಸಾಲಾಗಿ ನಿಂತರು. “ಇವತ್ತು ಬರೋವಾಗ ದಾರೀಲಿ ಯಾವ ಪ್ರಾಣಿ ನೋಡಿದ್ರಿ?” ಅಂತ ಟೀಚರ್ ಕೇಳಿದರು. ಒಬ್ಬ ನಾಯಿ ಅಂದ. ಇನ್ನೊಬ್ಬಳು ಹಸು ಅಂದಳು. ನನ್ನ ಮಗಳು ಹಂದಿ ಅಂದಳು, ಉಳಿದವರೆಲ್ಲ ನಕ್ಕರು. ಟೀಚರ್ ನಗಲಿಲ್ಲ. “ಹೌದಾ, ಎಷ್ಟು ದಪ್ಪ ಇತ್ತು? ಏನ್ ಮಾಡ್ತಿತ್ತು? ಬರಿ ನೋಡೋಣ” ಅಂದರು. ಮಗಳು ಒಂದು ದೊಡ್ಡ ಗುಂಡು ಸುತ್ತಿದಳು, ಕೆಳಗೆ ನಾಲ್ಕು ಗೀಟು ಎಳೆದಳು, ಹಿಂದೆ ಸುರುಳಿ ಬಾಲ ಹಾಕಿದಳು. “ಮಲಗೈತಿ” ಅಂದಳು. ಟೀಚರ್ ಅವಳ ಕಣ್ಣೆದುರೇ ಚಿತ್ರದ ಕೆಳಗೆ ದಪ್ಪಗೆ ಬರೆದರು: ಹಂದಿ ಮಲಗೈತಿ. ಒಂದೊಂದು ಪದದ ಕೆಳಗೂ ಬೆರಳಿಟ್ಟು ಓದಿ ತೋರಿಸಿದರು. ಅಷ್ಟೇ, ಮುಂದಿನ ಮಗುವಿನ ಹತ್ತಿರ ಹೋದರು.

ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ಅಜ್ಜಿ ಹತ್ತಿರ ಓಡಿದಳು. ಕಾಗದ ಬಿಚ್ಚಿ, ಬೆರಳಿಟ್ಟು, “ಹಂದಿ... ಮಲಗೈತಿ” ಅಂತ ಓದಿದಳು. ಒಂದು ಅಕ್ಷರವೂ ಬಾರದ ಮಗು ಓದುತ್ತಿತ್ತು, ಬೆರಳು ಸರಿಯಾದ ಪದದ ಕೆಳಗೇ ಇತ್ತು! ನಮ್ಮತ್ತೆ ಮತ್ತೆ ಓದಿಸಿದರು. ಅವಳು ಮತ್ತೆ ಓದಿದಳು. ಆಡಿದ ಮಾತು ಕಾಗದದ ಮೇಲೆ ಕೂತಿರುತ್ತೆ, ಯಾವಾಗ ನೋಡಿದರೂ ಅದೇ ಮಾತು ಹೇಳುತ್ತೆ ಅನ್ನೋದು ಅವಳಿಗೆ ಅವತ್ತು ಗೊತ್ತಾಯಿತು. “ಅಮ್ಮ, ನಾನು ಹಂದಿ ಬರೆದೆ” ಅಂದಳು. ಚಿತ್ರ ಬರೆದ್ಯಾ, ಅಕ್ಷರ ಬರೆದ್ಯಾ ಅಂತ ಕೇಳಿದೆ. ನನ್ನನ್ನೇ ವಿಚಿತ್ರವಾಗಿ ನೋಡಿ, “ಬರೆದೆ” ಅಂದಳು. ಅವಳು ಹೇಳಿದ್ದೇ ಸರಿ, ಅಲ್ವಾ? ನಮ್ಮ ಕನ್ನಡದಲ್ಲಿ ಚಿತ್ರಕ್ಕೂ ಬರೆಯೋದು ಅಂತೀವಿ, ಅಕ್ಷರಕ್ಕೂ ಬರೆಯೋದು ಅಂತೀವಿ. ಬಾಯಲ್ಲಿ ಎರಡೂ ಒಂದೇ. ಮಕ್ಕಳಿಗೆ ಕಲಿಸುವಾಗ ಮಾತ್ರ ಚಿತ್ರದ ಪುಸ್ತಕ ಬೇರೆ, ಕಾಪಿ ಪುಸ್ತಕ ಬೇರೆ ಅಂತ ಮಾಡಿಟ್ಟಿದ್ದೇವೆ. ಈ ಕ್ಲಾಸಿನಲ್ಲಿ ಎರಡೂ ಒಂದೇ ಹಾಳೆ ಮೇಲೆ ಬರುತ್ತವೆ. ನನಗೆ ಇದು ಇಷ್ಟವಾಗಲು ಮುಖ್ಯ ಕಾರಣ ಅದೇ.

‘ಮಲಗೈತಿ’ ಅಂತ ಬರೆದಿದ್ದು ನೋಡಿ ನನಗೆ ಸ್ವಲ್ಪ ಕಸಿವಿಸಿ ಆಗಿತ್ತು, ಮುಚ್ಚಿಡಲ್ಲ. ಶಾಲೆಯಲ್ಲಿ ‘ಮಲಗಿದೆ’ ಅಂತ ಬರೆಯಬೇಕು, ಇಲ್ಲಿ ಆಡುಮಾತು ಕಲಿಸಿದರೆ ಹೇಗೆ ಅಂತ ಮುಂದಿನ ವಾರ ಕೇಳಿಯೇಬಿಟ್ಟೆ. ಟೀಚರ್ ಹೇಳಿದ್ದು ಇಷ್ಟು: ಈಗ ಅವಳು ಆಡಿದ್ದನ್ನೇ ಬರೆದರೆ ಅವಳು ಓದುತ್ತಾಳೆ, ನಾನು ತಿದ್ದಿ ಬರೆದರೆ ಅದು ನನ್ನ ಮಾತಾಗುತ್ತೆ, ಅವಳಿಗೆ ಓದೋಕೆ ಆಗಲ್ಲ, ಪುಸ್ತಕದ ಕನ್ನಡ ಪುಸ್ತಕ ಓದುತ್ತಾ ಬರುತ್ತೆ, ಅದಕ್ಕೆ ಅವಸರ ಇಲ್ಲ. ಆ ಉತ್ತರ ನನ್ನ ಮನಸ್ಸಿಗೆ ಹತ್ತಿತು. ನಮ್ಮತ್ತೆಗಂತೂ ತುಂಬಾ ಖುಷಿ. ತಮ್ಮ ಮಾತನ್ನು ಯಾರೋ ಬರೆದಿದ್ದನ್ನು ಅವರು ಮೊದಲ ಸಲ ನೋಡಿದ್ದು ಅಂತ ಕಾಣುತ್ತೆ.

ಹೀಗೆ ಎರಡು ಮೂರು ವಾರ ಟೀಚರೇ ಬರೆದರು. ಆಮೇಲೆ ಪ್ರಾಣಿಯ ಹೆಸರಿಗಷ್ಟೇ ಸ್ವಲ್ಪ ಜಾಗ ಬಿಟ್ಟು “ಇದನ್ನ ನೀನು ಹಾಕ್ತೀಯಾ?” ಅಂತ ಕೇಳತೊಡಗಿದರು. ಬಲವಂತ ಇಲ್ಲ. ಒಬ್ಬ ಹುಡುಗ ಆರು ವಾರ ಬರೆಯಲೇ ಇಲ್ಲ, ಬರೀ ಚಿತ್ರ. ಏಳನೇ ವಾರ ತಾನಾಗಿ ‘ನಾಯಿ’ ಅಂತ ಬರೆದ. ನನ್ನ ಮಗಳ ಸರದಿ ನಾಲ್ಕನೇ ವಾರ ಬಂತು. ಆನೆ ಬರೆದಿದ್ದಳು. ಕಾಲು ಐದಿತ್ತು, ಕೇಳಿದರೆ ಒಂದು ಸೊಂಡಿಲಂತೆ. ಸೊಂಡಿಲಿನ ತುದಿಯಲ್ಲಿ ತುಂಬಾ ಚುಕ್ಕೆ. “ಇವೇನು?” “ಮಂಡಕ್ಕಿ. ಆನೆ ಮಂಡಕ್ಕಿ ತಿಂತೈತಿ.” ದಾವಣಗೆರೆ ಆನೆ ಮತ್ತೇನು ತಿನ್ನುತ್ತೆ! ಗೋಡೆ ಮೇಲಿನ ಪ್ರಾಣಿ ಪಟದಲ್ಲಿ ‘ಆನೆ’ ಎಲ್ಲಿದೆ ಅಂತ ಹುಡುಕಿ, ನೋಡಿ ನೋಡಿ, ನಾಲಿಗೆ ಹೊರಗೆ ಚಾಚಿಕೊಂಡು ಬರೆದಳು. ‘ಆ’ ತುಂಬಾ ದೊಡ್ಡದಾಯಿತು, ‘ನೆ’ಗೆ ಜಾಗ ಸಾಲದೆ ಆನೆಯ ಹೊಟ್ಟೆಯೊಳಗೆ ಹೋಯಿತು. ಅದೇ ಅವಳು ತಾನಾಗಿ ಬರೆದ ಮೊದಲ ಪದ. ಆ ಹಾಳೆ ಈಗ ನಮ್ಮ ಫ್ರಿಜ್ ಮೇಲಿದೆ.

ಈ ಟೀಚರ್ ಶಾಲೆಯಲ್ಲಿ ನಲಿ-ಕಲಿ, ಅಂದರೆ ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಆಡಿಸುತ್ತಾ ಕಲಿಸುವ ಪದ್ಧತಿಯಲ್ಲಿ, ಪಾಠ ಮಾಡಿದವರು. ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂತು. ಅದರಲ್ಲಿ ಅ ಆ ಇ ಈ ಅಂತ ಹೊರಡುವುದಿಲ್ಲ. ರ ಗ ಸ ದ ಅ ಅಂತ ಹೊರಡುತ್ತಾರೆ. ಯಾಕಂದರೆ ಈ ಐದು ಬಂದರೆ ಸಾಕು, ಸರ, ಅರಸ, ಅಗಸ, ಗರಗಸ ಅಂತ ತಕ್ಷಣ ಪದ ಕಟ್ಟಬಹುದು. ವರ್ಣಮಾಲೆಯ 49 ಅಕ್ಷರ ಮುಗಿಯುವ ತನಕ ಕಾಯಬೇಕಿಲ್ಲ. ಇಲ್ಲಿ ಅದೇ ಯೋಚನೆಯನ್ನು ಪ್ರಾಣಿಗಳ ಹೆಸರಿಗೆ ಹಚ್ಚಿದ್ದಾರೆ. ಯಾವ ಪ್ರಾಣಿ ಮೊದಲು, ಯಾವುದು ಆಮೇಲೆ ಅನ್ನೋದು ಸುಮ್ನೆ ಇಟ್ಟಿದ್ದಲ್ಲ. ನರಿ, ಕುರಿ, ಮರಿ ಒಟ್ಟಿಗೆ ಬರುತ್ತವೆ. ಇಲಿ, ಹುಲಿ ಒಟ್ಟಿಗೆ.

ಇಲಿ-ಹುಲಿ ದಿನ ನಾನು ಅಲ್ಲೇ ಕಿಟಕಿ ಹತ್ತಿರ ಕೂತಿದ್ದೆ. ಅವತ್ತು ಸ್ಲೇಟು, ಬಳಪ. ಎಲ್ಲರೂ ಇಲಿ ಬರೆದು ಪಕ್ಕದಲ್ಲಿ ‘ಇಲಿ’ ಅಂತ ಬರೆದರು. “ಈಗ ಒಂದೇ ಒಂದು ಅಕ್ಷರ ಅಳಿಸಿ ಇಲಿನ ಹುಲಿ ಮಾಡ್ಬೇಕು, ಯಾರು ಮಾಡ್ತೀರಾ?” ಅಂದರು ಟೀಚರ್. ಒಂದು ನಿಮಿಷ ಸದ್ದೇ ಇಲ್ಲ. ಆಮೇಲೆ ಮಗಳು ಬೆರಳಿಗೆ ಎಂಜಲು ಹಚ್ಚಿ ‘ಇ’ ಅಳಿಸಿದಳು, ‘ಹು’ ಹಾಕಿದಳು. ಅದು ಸಾಲದು ಅಂತ ಇಲಿಯ ಮೈಮೇಲೆ ಪಟ್ಟೆ ಎಳೆದಳು, ಬಾಯಿಗೆ ಹಲ್ಲು ಹಾಕಿದಳು. ರಾತ್ರಿ ಊಟದ ಹೊತ್ತಿಗೆ ಕುರಿಮರಿ, ಇಲಿಮರಿ, ಹುಲಿಮರಿ ಅಂತ ಎಲ್ಲದಕ್ಕೂ ‘ಮರಿ’ ಸೇರಿಸಿ ಬರೆಯುತ್ತಿದ್ದಳು. ಅಪ್ಪಮರಿ ಅಂತಲೂ ಒಂದು ಬರೆದಳು.

ಗುಂಡಗಿನ ಅಕ್ಷರಗಳು ಚಿಕ್ಕ ಕೈಗೆ ಕಷ್ಟ ಅಂತ ನಾನು ಅಂದುಕೊಂಡಿದ್ದೆ. ಇಲ್ಲಿ ನೋಡಿದ ಮೇಲೆ ಬೇರೆ ಥರ ಅನಿಸಿತು. ಮಕ್ಕಳು ಮೂರು ವರ್ಷದ ಆಸುಪಾಸಿನಲ್ಲೇ ಗುಂಡು ಸುತ್ತೋಕೆ ಶುರು ಮಾಡುತ್ತಾರೆ. ಚೌಕ ಬರೋಕೆ ನಾಲ್ಕು-ನಾಲ್ಕೂವರೆ ಆಗಬೇಕು, ತ್ರಿಕೋನಕ್ಕೆ ಐದರ ಹತ್ತಿರ. ಎರಡು ಕಡ್ಡಿ ಓರೆಯಾಗಿ ಕೂಡಿಸುವುದಕ್ಕಿಂತ ಗುಂಡು ಅವರಿಗೆ ಮೊದಲು ಕೈಗೆ ಹತ್ತುತ್ತೆ. ಬೆಕ್ಕಿನ ಮುಖ ಬರೆದ ಮಗು ‘ರ’ದ ಹೊಟ್ಟೆ ಬರೆದ ಹಾಗೇ, ಮೇಲೊಂದು ತಲಕಟ್ಟು ಇಟ್ಟರೆ ಆಯಿತು. ಆನೆಯ ಬೆನ್ನು ಇದೆಯಲ್ಲ, ಎಡಗಡೆ ಕಾಲಿನಿಂದ ಮೇಲೆ ಹತ್ತಿ ಬಲಗಡೆ ಕಾಲಿಗೆ ಇಳಿಯುವ ಗೆರೆ, ಅದು ‘ಗ’. ಚುಕ್ಕೆ ಜಿಂಕೆಗೆ ಚುಕ್ಕೆ ಇಟ್ಟು ಇಟ್ಟು ಕೈ ಪಳಗಿದರೆ ‘ಠ’ದೊಳಗೆ ಚುಕ್ಕೆ ಇಡೋದು ಏನೂ ಅಲ್ಲ. ಇದನ್ನು ಟೀಚರ್ ಮಕ್ಕಳಿಗೆ ಮೊದಲೇ ಹೇಳಿಕೊಡಲ್ಲ. ಮಕ್ಕಳೇ ಕಂಡುಹಿಡಿದು ಕೂಗುವ ತನಕ ಕಾಯುತ್ತಾರೆ. “ಮಿಸ್, ಆನೆ ಒಳಗೆ ಗ ಐತಿ!”

ಸಾಮಾನಿನ ಬಗ್ಗೆ ಹೇಳಬೇಕು, ಯಾಕಂದರೆ ನಾನು ಮೊದಲೇ ಮಂಡಿಪೇಟೆಗೆ ಹೋಗಿ ದೊಡ್ಡ ಬಣ್ಣದ ಪೆಟ್ಟಿಗೆ ತಂದು ದುಡ್ಡು ದಂಡ ಮಾಡಿದೆ. ಅಲ್ಲಿ ಬಳಸೋದು ಮೇಣದ ಬಣ್ಣದ ತುಂಡುಗಳು. ಹೊಸ ಕ್ರೇಯಾನನ್ನು ಟೀಚರ್ ಬೇಕಂತಲೇ ಮುರಿಯುತ್ತಾರೆ. ನೋಡಿ ಎದೆ ಧಸಕ್ ಅಂತು. ಆದರೆ ಕಾರಣ ಇದೆ. ಉದ್ದ ಕಡ್ಡಿ ಕೊಟ್ಟರೆ ಮಗು ಮುಷ್ಟಿಯಲ್ಲಿ ಹಿಡಿಯುತ್ತೆ. ಒಂದು ಇಂಚಿನ ತುಂಡು ಮುಷ್ಟಿಯಲ್ಲಿ ನಿಲ್ಲಲ್ಲ, ತಾನಾಗೇ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಬರುತ್ತೆ. ಪೆನ್ಸಿಲ್ ಹಿಡಿಯಬೇಕಾದ್ದೂ ಆ ಮೂರೇ ಬೆರಳಲ್ಲಿ. ಗೋಡೆ ಮೇಲೆ ನಿಂತು ಬರೆಸುವುದಕ್ಕೂ ಕಾರಣ ಇದೆ, ಭುಜ ಮತ್ತು ಮಣಿಕಟ್ಟು ಗಟ್ಟಿಯಾಗುತ್ತವೆ. ಈ ವಯಸ್ಸಿನಲ್ಲಿ ಮಣಿಕಟ್ಟಿನ ಎಳೆ ಮೂಳೆಗಳೇ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ನನ್ನ ಮಗಳ ಕೆಂಪಾದ ಹೆಬ್ಬೆರಳು ಆಗ ನೆನಪಾಯಿತು.

ಮಣ್ಣೆತ್ತಿನ ಅಮಾವಾಸ್ಯೆ ವಾರ ಕ್ಲಾಸಿನಲ್ಲಿ ಜೇಡಿಮಣ್ಣು. ಎಲ್ಲರೂ ಎತ್ತು ಮಾಡಿದರು, ಜೋಳದ ಕಾಳು ಒತ್ತಿ ಕಣ್ಣು ಮಾಡಿದರು. ಒಣಗೋಕೆ ಬಿಸಿಲಿಗಿಟ್ಟು, ಅದನ್ನೇ ಎದುರಿಗಿಟ್ಟುಕೊಂಡು ಚಿತ್ರ ಬರೆದರು. ಕೈಯಲ್ಲಿ ಡುಬ್ಬ ಮಾಡಿದವರು ಕಾಗದದ ಮೇಲೂ ಡುಬ್ಬ ಮರೆಯಲಿಲ್ಲ. ತೊಂದರೆ ಬಂದಿದ್ದು ಹೆಸರು ಬರೆಯುವಾಗ. ‘ಎತ್ತು’ವಿನಲ್ಲಿ ಒತ್ತಕ್ಷರ ಇದೆಯಲ್ಲ. ಸುಮಾರು ಮಕ್ಕಳು ‘ಎತು’ ಅಂತ ಬರೆದರು. ಟೀಚರ್ ತಪ್ಪು ಅನ್ನಲಿಲ್ಲ, “ಜೋರಾಗಿ ಹೇಳಿ, ಎತ್-ತು, ಎಷ್ಟು ತ ಕೇಳಿಸ್ತು?” ಅಂದರು. ಎರಡು. “ಒಂದು ದೊಡ್ಡ ತ, ಅದರ ಕೆಳಗೆ ಅದರ ಕರು” ಅಂತ ಬರೆದು ತೋರಿಸಿದರು. ಒಬ್ಬಳು ಹುಡುಗಿ, “ಕರು ಅಮ್ಮನ ಥರ ಇಲ್ವಲ್ಲ” ಅಂದಳು. ‘ತ’ದ ಒತ್ತು ‘ತ’ದ ಹಾಗೆ ಕಾಣಲ್ಲ, ನಿಜ. “ಇನ್ನೂ ಕೊಂಬು ಬಂದಿಲ್ಲ ಅದಕ್ಕೆ” ಅಂದರು ಟೀಚರ್. ಈಗ ನಮ್ಮನೆಯಲ್ಲಿ ಒತ್ತಕ್ಷರಕ್ಕೆ ಕರು ಅಂತಲೇ ಹೆಸರು. ‘ಬೆಕ್ಕು’ ಬರೆಯುವಾಗ “ಕ ಕೆಳಗೆ ಕರು ಹಾಕ್ಬೇಕಾ?” ಅಂತ ಕೇಳುತ್ತಾಳೆ.

ಮೂರನೇ ತಿಂಗಳು ಒಂದು ಭಾನುವಾರ ಆನಗೋಡಿನ ಮೃಗಾಲಯಕ್ಕೆ ಕರೆದುಕೊಂಡು ಹೋದರು. ಚಿತ್ರದುರ್ಗದ ಕಡೆ ಹೈವೇಯಲ್ಲಿ ಹೋದರೆ ಸಿಗುತ್ತೆ, ತುಂಬಾ ದೂರ ಇಲ್ಲ. ಜಿಂಕೆ ಬೇಲಿ ಮುಂದೆ ರಟ್ಟು ಇಟ್ಟುಕೊಂಡು ಕೂತ ಹನ್ನೆರಡು ಮಕ್ಕಳು ಅರ್ಧ ಗಂಟೆ ಕದಲಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಟೀಚರ್ ಕೊಂಡುಕುರಿ ವಿಷಯ ಹೇಳಿದರು. ನಮ್ಮ ಜಿಲ್ಲೆಯ ಜಗಳೂರು ತಾಲೂಕಿನ ರಂಗಯ್ಯನದುರ್ಗದ ಕಾಡಿನಲ್ಲಿ ಇರುವ ಪ್ರಾಣಿ, ಗಂಡಿಗೆ ನಾಲ್ಕು ಕೊಂಬು, ಮುಂದಿನ ಎರಡು ಗಿಡ್ಡ, ಹಿಂದಿನ ಎರಡು ಉದ್ದ. ಮಕ್ಕಳು ಯಾರೂ ಅದನ್ನು ನೋಡಿಲ್ಲ. ನಾನೂ ನೋಡಿಲ್ಲ, ನಿಜ ಹೇಳಬೇಕೆಂದರೆ ನಮ್ಮ ಜಿಲ್ಲೆಯಲ್ಲಿ ಅಂಥದ್ದೊಂದು ಪ್ರಾಣಿ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಕೇಳಿದ್ದನ್ನಷ್ಟೇ ಇಟ್ಟುಕೊಂಡು ಬರೆಯಿರಿ ಅಂದರು. ಮನೆಗೆ ಬಂದು ಮಗಳು ಬರೆದ ಕೊಂಡುಕುರಿಗೆ ನಾಲ್ಕು ಕೊಂಬು ಸರಿಯಾಗಿ ಇದ್ದವು, ಎರಡು ಗಿಡ್ಡ, ಎರಡು ಉದ್ದ. ಕೆಳಗೆ ‘ಕೊಡಕುರಿ ಕಾಡಲಿ ಐತಿ’ ಅಂತ ತಾನೇ ಬರೆದಿದ್ದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಸೊನ್ನೆ ಬಿಟ್ಟುಹೋಗಿದೆ, ‘ಡು’ ಹೋಗಿ ‘ಡ’ ಆಗಿದೆ, ‘ಕಾಡಲ್ಲಿ’ಯ ಕರು ಕಾಣೆಯಾಗಿದೆ. ಆದರೂ ಓದಿದರೆ ಪೂರ್ತಿ ಅರ್ಥ ಆಗುತ್ತೆ. ಐದು ವರ್ಷದ ಮಗು ಹೇಳಬೇಕು ಅನಿಸಿದ್ದನ್ನು ಬರೆದಿದೆ. ನಾನು ಅಡುಗೆಮನೆಗೆ ಹೋಗಿ ಕಣ್ಣು ಒರೆಸಿಕೊಂಡು ಬಂದೆ.

ಎಲ್ಲವೂ ಚೆನ್ನಾಗಿದೆ ಅಂತ ಹೇಳಲ್ಲ. ಜಾಗ ಚಿಕ್ಕದು. ಹನ್ನೆರಡು ಮಕ್ಕಳಿಗೆ ಆ ರೂಮು ಜಾಸ್ತಿಯೇ ಇಕ್ಕಟ್ಟು, ಮೇಲೆ ಶೀಟು ಇರೋದರಿಂದ 11 ಗಂಟೆ ಮೇಲೆ ಸೆಕೆ. ಬೇಸಿಗೆಯಲ್ಲಿ ಹೇಗೋ ಅಂತ ಯೋಚನೆ. ಮೆಟ್ಟಿಲು ಕಡಿದು, ಹಿಡಿದುಕೊಳ್ಳೋ ಕಂಬಿ ಒಂದೇ ಕಡೆ ಇದೆ, ನಾಲ್ಕು ವರ್ಷದವರನ್ನು ಕೈ ಹಿಡಿದೇ ಹತ್ತಿಸಬೇಕು. ಒಂದು ವಾರ ತಪ್ಪಿಸಿದರೆ ಬದಲಿ ಕ್ಲಾಸ್ ಇಲ್ಲ. ರಜೆ ಇದ್ದರೆ ಬೆಳಿಗ್ಗೆ 9ಕ್ಕೆ ವಾಟ್ಸಾಪ್ ಮೆಸೇಜ್ ಬರುತ್ತೆ, ಅಷ್ಟೊತ್ತಿಗೆ ಮಗು ಸ್ನಾನ ಮಾಡಿ ರೆಡಿಯಾಗಿ ಕೂತಿರುತ್ತೆ. ಹಿಂದಿನ ದಿನವೇ ಹೇಳಿ ಅಂತ ಎರಡು ಸಲ ಕೇಳಿದ್ದೇನೆ.

ಇನ್ನೊಂದು ದೊಡ್ಡ ತಕರಾರು. ಜುಲೈನಲ್ಲಿ ಟೀಚರ್ ಊರಲ್ಲಿ ಇಲ್ಲದಾಗ ಬೇರೆ ಒಬ್ಬರು ಬಂದು ಎರಡು ಕ್ಲಾಸ್ ತೆಗೆದುಕೊಂಡರು. ಅವರು ಅಚ್ಚು ಹಾಕಿದ ನವಿಲು, ಮೊಲ ಕೊಟ್ಟು ಗೆರೆ ದಾಟದೆ ಬಣ್ಣ ತುಂಬಿ ಅಂದರು. ನೋಡೋಕೆ ಹಾಳೆಗಳು ತುಂಬಾ ಚೆಂದ ಇದ್ದವು, ಬೇರೆ ತಾಯಂದಿರು ಫೋಟೋ ತೆಗೆದು ಸ್ಟೇಟಸ್ ಹಾಕಿದರು. ಆದರೆ ಆ ವಾರ ಮನೆಯಲ್ಲಿ ಮಗಳು “ನನಗೆ ಮೊಲ ಬರಲ್ಲ, ನೀನೇ ಬರೆದುಕೊಡು” ಅಂದಳು. ಅಲ್ಲಿಯವರೆಗೆ ಅವಳ ಬಾಯಲ್ಲಿ ‘ಬರಲ್ಲ’ ಅನ್ನೋ ಮಾತು ಬಂದಿರಲೇ ಇಲ್ಲ. ಅಚ್ಚಿನ ಮೊಲದ ಪಕ್ಕದಲ್ಲಿ ತನ್ನ ಮೊಲ ಅವಳಿಗೆ ಸಣ್ಣದಾಗಿ ಕಂಡಿತು. ಅದರ ಬಗ್ಗೆ ಹೇಳೋಕೂ ಅವಳ ಹತ್ತಿರ ಏನೂ ಇರಲಿಲ್ಲ, ಆ ಮೊಲ ಅವಳದ್ದಲ್ಲವಲ್ಲ. ಟೀಚರ್ ವಾಪಸ್ ಬಂದ ಮೇಲೆ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಆ ಹಾಳೆಗಳು ಮತ್ತೆ ಬರಲಿಲ್ಲ.

ಇಂಗ್ಲಿಷ್ ಬೇಕು ಅನ್ನುವವರಿಗೆ ಈ ಕ್ಲಾಸ್ ಅಲ್ಲ. ಸುಂದರ ಕೈಬರಹ ಬೇಕು, ಎರಡು ತಿಂಗಳಲ್ಲಿ ಕಾಗುಣಿತ ಮುಗಿಯಬೇಕು ಅನ್ನುವವರಿಗೂ ಅಲ್ಲ. ಮೂರು ತಿಂಗಳಾದರೂ ನನ್ನ ಮಗಳಿಗೆ ಎಲ್ಲ ಅಕ್ಷರ ಬರಲ್ಲ. ‘ನ’ ಒಮ್ಮೊಮ್ಮೆ ತಿರುವುಮುರುವು. ಈ ವಯಸ್ಸಿನಲ್ಲಿ ಅದು ಮಾಮೂಲಿ ಅಂತ ಟೀಚರ್ ಹೇಳಿದ್ದಾರೆ, ನನಗೂ ಆತಂಕ ಇಲ್ಲ. ನೋಟ್‌ಬುಕ್ ಬಚ್ಚಿಡುತ್ತಿದ್ದ ಮಗು ಈಗ ಹಾಲಿನ ಲೆಕ್ಕದ ಚೀಟಿ ಹಿಂದೆ, ಕರೆಂಟ್ ಬಿಲ್ ಹಿಂದೆ ಬೆಕ್ಕು ಬರೆದು ಹೆಸರು ಹಾಕುತ್ತಿದೆ. ನನಗೆ ಬೇಕಿದ್ದದ್ದು ಇದು.

ದೂರದಲ್ಲಿ ಇರುವವರು, ಹರಿಹರ, ಜಗಳೂರು ಕಡೆಯವರು ಕ್ಲಾಸಿಗೆ ಬರಲಾಗದಿದ್ದರೆ ಮನೆಯಲ್ಲೂ ಮಾಡಬಹುದು, ಖರ್ಚೇ ಇಲ್ಲ. ಒಂದು ಕಡೆ ಬಳಸಿದ ಹಾಳೆ, ನಾಲ್ಕು ತುಂಡು ಬಣ್ಣ. ಮಗು ಏನು ಬರೆದರೂ “ಇದೇನು?” ಅಂತ ಮೊದಲೇ ಕೇಳಬೇಡಿ, ಬೇಜಾರು ಮಾಡಿಕೊಳ್ಳುತ್ತವೆ. “ಇದರ ವಿಷಯ ಹೇಳು” ಅನ್ನಿ. ಹೇಳಿದ್ದನ್ನು ಹಾಗೇ ಬರೆಯಿರಿ, ಓದಿ, ಗೋಡೆಗೆ ಅಂಟಿಸಿ. ತಿದ್ದೋಕೆ ಕೈ ಚುರುಗುಟ್ಟುತ್ತೆ, ನನಗೂ ಆಗುತ್ತೆ. ತಡೆದುಕೊಳ್ಳಿ.

ಮುಂದಿನ ಬ್ಯಾಚ್ ದಸರಾ ರಜೆ ಮುಗಿದ ಮೇಲೆ. ಹನ್ನೆರಡಕ್ಕಿಂತ ಜಾಸ್ತಿ ತೆಗೆದುಕೊಳ್ಳಲ್ಲ, ನಾಲ್ಕೂವರೆಯಿಂದ ಏಳು ವರ್ಷದವರಿಗೆ ಮಾತ್ರ. ಹೆಸರು, ನಂಬರ್ ಎಲ್ಲೂ ಹಾಕಬೇಡಿ ಅಂತ ಟೀಚರ್ ಹೇಳಿದ್ದಾರೆ, ಹಾಗಾಗಿ ಬೇಕಾದವರು ವಿದ್ಯಾನಗರದ ಕಡೆ ಯಾರನ್ನಾದರೂ ‘ಪ್ರಾಣಿ ಕ್ಲಾಸ್’ ಎಲ್ಲಿ ಅಂತ ಕೇಳಿ, ತೋರಿಸುತ್ತಾರೆ. ಹಳೇ ಬಟ್ಟೆ ಹಾಕಿ ಕಳಿಸಿ, ಒಂದು ಟವೆಲ್ ಇಡಿ, ಮಣ್ಣಿನ ದಿನ ಮೊಣಕೈ ತನಕ ಮಣ್ಣಾಗಿರುತ್ತೆ.